ಸಂಬಳವಿಲ್ಲದ ಬೋಧಕ ಮತ್ತು ಅವರ ಮನೆಮಂದಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇವತ್ತು ಎಂಥ ಸಣ್ಣ ಊರಿಗೆ ಹೋದರೂ ಒಂದು ಬ್ಯಾಪ್ಟಿಸ್ಟ್ ಚರ್ಚ್ ಕಣ್ಣಿಗೆ ಬೀಳುತ್ತದೆ. ಆದರೆ 1750ರ ಸುಮಾರಿಗೆ ಆ ಕಡೆಯ ಹಳ್ಳಿಗಾಡಿನಲ್ಲಿ ಬ್ಯಾಪ್ಟಿಸ್ಟರು ತೀರಾ ಕಡಿಮೆ. ಅವರ ಹಿಂದೆ ಸರ್ಕಾರ ಇರಲಿಲ್ಲ. ಬೋಧಕರನ್ನು ತಯಾರು ಮಾಡುವ ಕಾಲೇಜು ಇರಲಿಲ್ಲ. ತಿಂಗಳಿಗಿಷ್ಟು ಅಂತ ಕೊಡುವ ಸಂಸ್ಥೆಯೂ ಇರಲಿಲ್ಲ. ಹಾಗಿದ್ದರೂ ಒಂದೇ ತಲೆಮಾರಿನಲ್ಲಿ ಅವರು ಕಾಡು ಕಡಿದು ನೆಲೆಸಿದ ಊರೂರಿಗೂ ಹರಡಿದರು.

ಇದು ಹೇಗಾಯಿತು ಅನ್ನುವುದಕ್ಕೆ ಪಂಡಿತರು ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗಂತೂ ಉತ್ತರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಒಂದು ಕುಟುಂಬದ ಕಥೆಯಲ್ಲಿ. ಆ ಮನೆಯ ಯಜಮಾನರು ಡೇನಿಯಲ್ ಮಾರ್ಷಲ್. ಅವರ ಹೆಂಡತಿ ಮಾರ್ಥಾ, ಮಾರ್ಥಾ ಅವರ ಅಣ್ಣ ಶೂಬಲ್ ಸ್ಟರ್ನ್ಸ್, ಮಗ ಏಬ್ರಹಾಂ, ಮೊಮ್ಮಗ ಜೇಬೆಜ್. ಈ ಐವರನ್ನು ಒಟ್ಟಿಗೆ ನೋಡಿದರೆ ಮಾತ್ರ ಸಂಗತಿ ಅರ್ಥವಾಗುತ್ತದೆ. ಮಾರ್ಷಲ್ ಒಬ್ಬರನ್ನೇ ಎತ್ತಿ ಹೇಳಿದರೆ ಅರ್ಧ ಕಥೆ ಅಷ್ಟೆ.

ಮೊದಲು ಬ್ಯಾಪ್ಟಿಸ್ಟರು ಯಾರು ಅನ್ನುವುದನ್ನು ನೋಡೋಣ. ನಮ್ಮ ಮಂಗಳೂರು, ಧಾರವಾಡದ ಕಡೆಯವರಿಗೆ ಬಾಸೆಲ್ ಮಿಷನ್ ಗೊತ್ತು. ಆ ಸಭೆಗಳಲ್ಲಿ ಎಳೆಗೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತಿದ್ದರು. ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ನಂಬಿಕೆ ಅನ್ನುವುದು ಅಪ್ಪ ಅಮ್ಮನಿಂದ ಬರುವ ಆಸ್ತಿಯಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ನಂಬಿ, ಎಲ್ಲರ ಮುಂದೆ ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು ಅನ್ನುವುದು ಅವರ ವಾದ. ಪ್ರತಿ ಊರಿನ ಸಭೆಯೂ ಸ್ವತಂತ್ರ. ಅದರ ಮೇಲೆ ಬಿಷಪ್ ಇಲ್ಲ. ಬೋಧಕರು ಯಾರಾಗಬೇಕು ಅಂತ ಸಭೆಯವರೇ ತೀರ್ಮಾನಿಸುತ್ತಾರೆ.

ಇದರಲ್ಲಿ ರಾಜಕೀಯವೂ ಇತ್ತು. ಆಗ ಬ್ರಿಟಿಷರ ಕೈಯಲ್ಲಿದ್ದ ಹಲವು ಅಮೆರಿಕನ್ ಪ್ರಾಂತ್ಯಗಳಲ್ಲಿ ಸರ್ಕಾರಿ ಚರ್ಚ್ ಇತ್ತು. ಅದಕ್ಕೆ ಎಲ್ಲರೂ ತೆರಿಗೆ ಕೊಡಬೇಕಿತ್ತು. ವರ್ಜೀನಿಯಾದಲ್ಲಿ ಸರ್ಕಾರಿ ಪಾದ್ರಿಗೆ ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು ಸಂಬಳ, ಅದನ್ನು ಕೊಡುವವರು ಊರಿನ ರೈತರು. ಕೂಸು ಹುಟ್ಟಿದ ಕೂಡಲೇ ಸ್ನಾನ ಕೊಟ್ಟು ಸಭೆಗೆ ಸೇರಿಸಿಕೊಂಡರೆ ಊರಿನವರೆಲ್ಲ ಒಂದೇ ಚರ್ಚಿನವರಾಗುತ್ತಾರೆ. ಇದನ್ನು ನಿರಾಕರಿಸುವವರು ಸರ್ಕಾರಕ್ಕೂ ಚರ್ಚಿಗೂ ಇದ್ದ ಗಂಟನ್ನೇ ಬಿಚ್ಚುತ್ತಿದ್ದರು. ಅಧಿಕಾರಿಗಳಿಗೆ ಅವರ ಮೇಲೆ ಸಿಟ್ಟು ಬಂದದ್ದು ಸುಮ್ನೆ ಅಲ್ಲ.

ಮಾರ್ಷಲ್ ಹುಟ್ಟಿದ್ದು 1706ರಲ್ಲಿ, ಉತ್ತರದ ಕನೆಕ್ಟಿಕಟ್ ಪ್ರಾಂತ್ಯದ ವಿಂಡ್ಸರ್ ಊರಿನಲ್ಲಿ. ಅನುಕೂಲವಂತ ರೈತರು. ಊರಿನ ಕಾಂಗ್ರಿಗೇಷನಲ್ ಚರ್ಚಿನಲ್ಲಿ ಸುಮಾರು ಇಪ್ಪತ್ತು ವರ್ಷ ಡೀಕನ್ ಆಗಿದ್ದರು, ಅಂದರೆ ಸಭಾಸೇವಕರು. 1742ರಲ್ಲಿ ಹ್ಯಾನಾ ಡ್ರೇಕ್ ಅವರನ್ನು ಮದುವೆಯಾದರು. ಹ್ಯಾನಾ ಬೇಗ ತೀರಿಕೊಂಡರು, ಒಬ್ಬ ಮಗನನ್ನು ಬಿಟ್ಟುಹೋದರು. 1747ರಲ್ಲಿ ಮಾರ್ಥಾ ಸ್ಟರ್ನ್ಸ್ ಅವರ ಜೊತೆ ಎರಡನೇ ಮದುವೆ. ಮಾರ್ಥಾ ವಯಸ್ಸಿನಲ್ಲಿ ಗಂಡನಿಗಿಂತ ಬಹಳ ಚಿಕ್ಕವರು. ಮರುವರ್ಷ ಏಬ್ರಹಾಂ ಹುಟ್ಟಿದ.

ಅಷ್ಟರಲ್ಲಿ ಆ ಪ್ರಾಂತ್ಯಗಳ ತುಂಬ ಒಂದು ಅಲೆ ಎದ್ದಿತ್ತು. ಜಾರ್ಜ್ ವೈಟ್‌ಫೀಲ್ಡ್ ಎಂಬ ಇಂಗ್ಲಿಷ್ ಬೋಧಕರು ಊರೂರು ಸುತ್ತಿ ಬಯಲಿನಲ್ಲಿ ನಿಂತು ಮಾತಾಡುತ್ತಿದ್ದರು. ಸಾವಿರಾರು ಜನ ಸೇರುತ್ತಿದ್ದರು, ಅಳುತ್ತಿದ್ದರು. ಹೆಸರಿಗೆ ಚರ್ಚಿನವರಾದರೆ ಸಾಲದು, ಒಳಗಿನ ಮನಸ್ಸು ತಿರುಗಬೇಕು ಎಂದು ನಂಬಿದವರು ಹಳೇ ಚರ್ಚ್ ಬಿಟ್ಟು ಹೊರಗೆ ಬಂದರು. ಅವರನ್ನು ‘ಸೆಪರೇಟ್’ ಅಂತ ಕರೆದರು. ಮಾರ್ಷಲ್ ಮತ್ತು ಅವರ ಭಾವ ಸ್ಟರ್ನ್ಸ್ ಇಬ್ಬರೂ ಈ ಅಲೆಯಲ್ಲಿ ಬಂದವರು. ಸ್ಟರ್ನ್ಸ್ 1751ರಲ್ಲಿ ಬ್ಯಾಪ್ಟಿಸ್ಟ್ ಆದರು.

ಮಾರ್ಷಲ್ ಆಗ ಮಾಡಿದ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ನಲವತ್ತೈದು ದಾಟಿದ ಮನುಷ್ಯ, ನೆಲೆ ನಿಂತ ಹೊಲ ಮನೆ, ಊರಿನಲ್ಲಿ ಮರ್ಯಾದೆ. ಎಲ್ಲ ಬಿಟ್ಟು ಹೆಂಡತಿ, ಮೂವರು ಮಕ್ಕಳನ್ನು ಕರೆದುಕೊಂಡು ಸಸ್ಕ್ವೆಹಾನಾ ನದಿಯ ಮೇಲ್ಭಾಗದ ಒನಕ್ವಾಗಾಕ್ಕೆ ಹೊರಟರು, ಮೋಹಾಕ್ ಬುಡಕಟ್ಟಿನ ಜನರಿಗೆ ಸುವಾರ್ತೆ ಹೇಳಲು. ಅಲ್ಲಿದ್ದದ್ದು ಸುಮಾರು ಹದಿನೆಂಟು ತಿಂಗಳು. ಬುಡಕಟ್ಟುಗಳ ನಡುವೆ ಯುದ್ಧದ ಗಲಾಟೆ ಶುರುವಾದ ಮೇಲೆ ಪೆನ್ಸಿಲ್ವೇನಿಯಾಕ್ಕೆ, ಅಲ್ಲಿಂದ ವರ್ಜೀನಿಯಾದ ವಿಂಚೆಸ್ಟರ್ ಕಡೆಗೆ ಬಂದರು. ಏಬ್ರಹಾಂ ಆಗಿನ್ನೂ ಪುಟ್ಟ ಹುಡುಗ.

ವಿಂಚೆಸ್ಟರ್ ಹತ್ತಿರದ ಮಿಲ್ ಕ್ರೀಕ್ ಸಭೆಯಲ್ಲಿ 1754ರಲ್ಲಿ ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ಪಡೆದರು. ಮಾರ್ಷಲ್ ಅವರಿಗೆ ಆಗ 48 ವರ್ಷ. ಸಭೆಯವರು ಅವರಿಗೆ ಬೋಧಿಸಲು ಅನುಮತಿ ಕೊಟ್ಟರು. ಅವರ ಕೂಟಗಳಲ್ಲಿ ಗದ್ದಲ ಜಾಸ್ತಿ, ಅಳು ಜಾಸ್ತಿ ಅಂತ ಸಭೆಯ ಕೆಲವರು ಫಿಲಡೆಲ್ಫಿಯಾದ ಬ್ಯಾಪ್ಟಿಸ್ಟ್ ಒಕ್ಕೂಟಕ್ಕೆ ದೂರು ಕೊಟ್ಟರು. ವಿಚಾರಣೆಗೆ ಬಂದ ಬೆಂಜಮಿನ್ ಮಿಲ್ಲರ್ ಕೂಟದಲ್ಲಿ ಕೂತು ನೋಡಿ ಮೆಚ್ಚಿಕೊಂಡರು. ಇಂಥ ಬಿಸಿ ಎದೆಯ ಜನ ನಮ್ಮ ಸಭೆಯಲ್ಲಿದ್ದರೆ ಚಿನ್ನ ಕೊಟ್ಟರೂ ಬಿಟ್ಟುಕೊಡುತ್ತಿರಲಿಲ್ಲ ಅಂದುಬಿಟ್ಟರು.

ಇಲ್ಲಿ ಬೋಧಕರಾಗುವ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರಿ ಚರ್ಚಿನಲ್ಲಿ ಪಾದ್ರಿಯಾಗಲು ಓದು ಬೇಕು, ಬಿಷಪ್‌ರ ಕೈಯಿಂದ ದೀಕ್ಷೆ ಬೇಕು. ಅಮೆರಿಕದಲ್ಲಿ ಬಿಷಪ್ ಇರಲೇ ಇಲ್ಲ. ಅದಕ್ಕಾಗಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಬೇಕಿತ್ತು. ಬ್ಯಾಪ್ಟಿಸ್ಟರಲ್ಲಿ ದಾರಿ ಬೇರೆ. ಮೊದಲು ಯಾರೋ ಒಬ್ಬ ರೈತ ಕೂಟದ ಕೊನೆಯಲ್ಲಿ ಎದ್ದು ನಿಂತು ನಾಲ್ಕು ಬುದ್ಧಿಮಾತು ಹೇಳುತ್ತಾನೆ. ಅದು ಜನರಿಗೆ ನಾಟಿದರೆ ಮುಂದೆಯೂ ಹೇಳು ಅನ್ನುತ್ತಾರೆ. ಆಮೇಲೆ ಸಭೆ ಸೇರಿ ಬೋಧಿಸುವ ಅನುಮತಿ ಕೊಡುತ್ತದೆ. ಒಂದು ಊರಿನ ಸಭೆ ಅವನನ್ನು ತಮ್ಮ ಸಭಾಪಾಲಕನಾಗಿ ಕರೆದರೆ ಆಗ ಬೇರೆ ಸಭೆಯ ಬೋಧಕರು ಬಂದು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುತ್ತಾರೆ. ಹೀಗಾಗಿ ಎಷ್ಟು ಬೇಗ ಊರು ಹುಟ್ಟುತ್ತಿತ್ತೋ ಅಷ್ಟು ಬೇಗ ಬೋಧಕರೂ ಹುಟ್ಟುತ್ತಿದ್ದರು.

ಸಂಬಳ ಇಲ್ಲದ ಕಾರಣ ಬೋಧಕ ವಾರವೆಲ್ಲ ಹೊಲದಲ್ಲಿ ದುಡಿಯಲೇಬೇಕು. ಇದು ಅಮೆರಿಕಕ್ಕೆ ಮಾತ್ರ ಸೇರಿದ ಮಾತಲ್ಲ. 1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣ ಹೊರತಂದ ವಿಲಿಯಂ ಕೇರಿ ಕೂಡ ಬ್ಯಾಪ್ಟಿಸ್ಟರೇ. ಇಂಡಿಯಾಕ್ಕೆ ಬರುವ ಮೊದಲು ಅವರು ಇಂಗ್ಲೆಂಡಿನ ಮೋಲ್ಟನ್ ಹಳ್ಳಿಯಲ್ಲಿ ಬೋಧಕರಾಗಿದ್ದರು, ಹೊಟ್ಟೆಪಾಡಿಗೆ ಬೂಟು ಹೊಲಿಯುತ್ತಿದ್ದರು, ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹಳ್ಳಿಯ ಬ್ಯಾಪ್ಟಿಸ್ಟ್ ಬೋಧಕ ಅಂದರೆ ಕೈಯಲ್ಲಿ ಇನ್ನೊಂದು ಕಸುಬು ಇದ್ದೇ ಇರುತ್ತಿತ್ತು. ಬೋಧಕ ಕುದುರೆ ಹತ್ತಿ ವಾರಗಟ್ಟಲೆ ಹೊರಟುಹೋದಾಗ ಹೊಲ, ದನ, ಮಕ್ಕಳು, ಎಲ್ಲ ಹೆಂಡತಿಯ ಪಾಲಿಗೆ. ಇತಿಹಾಸ ಬರೆಯುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸಂಬಳವಿಲ್ಲದ ಬೋಧಕರಿಗೆ ಸಂಬಳ ಕೊಟ್ಟವರು ಅವರ ಮನೆಯವರೇ ಅಲ್ವಾ?

1755ರ ನವೆಂಬರ್‌ನಲ್ಲಿ ಸ್ಟರ್ನ್ಸ್, ಮಾರ್ಷಲ್ ಮತ್ತು ಸಂಗಡಿಗರು ಉತ್ತರ ಕೆರೊಲಿನಾದ ಸ್ಯಾಂಡಿ ಕ್ರೀಕ್‌ಗೆ ಬಂದಿಳಿದರು. ಎಂಟು ಮನೆ, ಒಟ್ಟು 16 ಜನ. ಬಹುಪಾಲು ನೆಂಟರಿಷ್ಟರೇ. ಬಂದ ಸ್ವಲ್ಪ ಕಾಲದಲ್ಲೇ 30 ಅಡಿ ಉದ್ದ, 26 ಅಡಿ ಅಗಲದ ಒಂದು ಕೂಟದ ಮನೆ ಕಟ್ಟಿಕೊಂಡರು. ಕೆಲವೇ ವರ್ಷಗಳಲ್ಲಿ ಸಭೆಯ ಸದಸ್ಯರು 606 ಆದರು. ಆ ಕೋಣೆಯಲ್ಲಿ ಅಷ್ಟು ಜನ ಹಿಡಿಸುವ ಮಾತೇ ಇಲ್ಲ. ಒಳಗೆ ಜಾಗ ಸಾಲದೆ ಜನ ಹೊರಗೆ ಹರಡಿದರು, ಹರಡಿದ ಕಡೆ ಹೊಸ ಸಭೆ ಮಾಡಿಕೊಂಡರು. ಬ್ಯಾಪ್ಟಿಸ್ಟ್ ಇತಿಹಾಸ ದಾಖಲಿಸುತ್ತ ಊರೂರು ತಿರುಗಿದ ಮಾರ್ಗನ್ ಎಡ್ವರ್ಡ್ಸ್ 1772ರ ಸುಮಾರಿಗೆ ಬರೆದಿಟ್ಟ ಲೆಕ್ಕದ ಪ್ರಕಾರ ಹದಿನೇಳು ವರ್ಷಗಳಲ್ಲಿ ಈ ಒಂದು ಬೇರಿನಿಂದ 42 ಸಭೆಗಳು, 125 ಬೋಧಕರು ಹುಟ್ಟಿಕೊಂಡರು.

ಅವರ ಕೂಟಗಳು ಹೇಗಿದ್ದವು? ಬೋಧಕರು ಒಂದು ಬಗೆಯ ರಾಗದಲ್ಲಿ ಮಾತಾಡುತ್ತಿದ್ದರು. ಕೇಳುವವರು ನಡುಗುತ್ತಿದ್ದರು, ನೆಲಕ್ಕೆ ಬೀಳುತ್ತಿದ್ದರು. ಒಬ್ಬರ ಕಾಲು ಒಬ್ಬರು ತೊಳೆಯುತ್ತಿದ್ದರು, ಒಟ್ಟಿಗೆ ಕೂತು ಪ್ರೀತಿಭೋಜನ ಮಾಡುತ್ತಿದ್ದರು, ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಿದ್ದರು. ಕೂಸುಗಳಿಗೆ ಸ್ನಾನ ಕೊಡುತ್ತಿರಲಿಲ್ಲ ನಿಜ. ಆದರೆ ತಾಯಂದಿರು ಕೂಸನ್ನು ಎತ್ತಿಕೊಂಡು ಬರುತ್ತಿದ್ದರು. ಬೋಧಕರು ಅದನ್ನು ತೋಳಿಗೆ ತೆಗೆದುಕೊಂಡು, ಹೆಸರಿಟ್ಟು, ದೇವರಿಗೆ ಒಪ್ಪಿಸಿ ಹಿಂದಕ್ಕೆ ಕೊಡುತ್ತಿದ್ದರು. ಒಂದು ಹನಿ ನೀರೂ ಇಲ್ಲದ ಈ ಆಚಾರ ನನಗೆ ತುಂಬಾ ಹಿಡಿಸುತ್ತದೆ. ಸಿದ್ಧಾಂತವನ್ನೂ ಬಿಡಲಿಲ್ಲ, ತಾಯಿಯ ಮನಸ್ಸನ್ನೂ ನೋಯಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ, ಹೆಂಗಸರು ಕೂಟದಲ್ಲಿ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದರು, ಬುದ್ಧಿಮಾತು ಹೇಳುತ್ತಿದ್ದರು. ಮಾರ್ಥಾ ಇದರಲ್ಲಿ ಮುಂದು. ಅವರ ಪ್ರಾರ್ಥನೆ ಕೇಳಿ ನೆರೆದ ಜನವೆಲ್ಲ ಕಣ್ಣೀರಿಟ್ಟದ್ದನ್ನು ಆ ಕಾಲಕ್ಕೆ ಹತ್ತಿರದವರು ಬರೆದಿದ್ದಾರೆ. ಅದೇ ಹೊತ್ತಿಗೆ ಮಾರ್ಗನ್ ಎಡ್ವರ್ಡ್ಸ್ ಗಂಡನ ಬಗ್ಗೆ ಬರೆದದ್ದನ್ನು ಓದಬೇಕು. ಮಾರ್ಷಲ್ ಮಾತಾಡುವಾಗ ತೊದಲುತ್ತಿದ್ದರಂತೆ. ಓದಿದವರಲ್ಲ, ಮಾತುಗಾರರೂ ಅಲ್ಲ. ಭಕ್ತಿ, ಆಸ್ಥೆ, ಪ್ರಾಮಾಣಿಕತೆ ಬಿಟ್ಟರೆ ಅವರ ಬಳಿ ಹೇಳಿಕೊಳ್ಳುವಂಥದ್ದು ಇಲ್ಲ, ಆದರೂ ಅವರಿಗೆ ಸಿಕ್ಕ ಯಶಸ್ಸು ಬೆರಗು ಹುಟ್ಟಿಸುತ್ತದೆ ಅನ್ನುತ್ತಾರೆ ಎಡ್ವರ್ಡ್ಸ್. ಗಂಡ ತೊದಲು, ಹೆಂಡತಿ ಮಾತಿನಲ್ಲಿ ಗಟ್ಟಿ. ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಆ ಬೆರಗಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಾರ್ಥಾ ಅವರ ಮಾತುಗಾರಿಕೆಗೆ ಈ ಮನೆಯವರು ಬೆಲೆಯನ್ನೂ ತೆರಬೇಕಾಯಿತು. ಸ್ಯಾಂಡಿ ಕ್ರೀಕ್‌ನಿಂದ ಸುಮಾರು 30 ಮೈಲಿ ದೂರದ ಆಬಟ್ಸ್ ಕ್ರೀಕ್‌ನಲ್ಲಿ ಹೊಸ ಸಭೆ ಆಯಿತು. ಅವರು ಮಾರ್ಷಲ್ ಅವರನ್ನೇ ಸಭಾಪಾಲಕರಾಗಿ ಕರೆದರು. ದೀಕ್ಷೆ ಕೊಡಲು ಕನಿಷ್ಠ ಇಬ್ಬರು ಬೋಧಕರು ಬೇಕು. ಸ್ಟರ್ನ್ಸ್ ಒಬ್ಬರಿದ್ದರು, ಇನ್ನೊಬ್ಬರಿಗಾಗಿ ದಕ್ಷಿಣ ಕೆರೊಲಿನಾದ ಒಬ್ಬ ಬ್ಯಾಪ್ಟಿಸ್ಟ್ ಬೋಧಕರನ್ನು ಕರೆದರು. ಅವರು ಖಡಾಖಂಡಿತವಾಗಿ ಬರುವುದಿಲ್ಲ ಅಂದರು. ಇವರದು ಕಟ್ಟುಪಾಡು ಇಲ್ಲದ ಗುಂಪು, ಹೆಂಗಸರನ್ನು ಎಲ್ಲರ ಮುಂದೆ ಪ್ರಾರ್ಥಿಸಲು ಬಿಡುತ್ತಾರೆ, ಓದು ಬಾರದವರೆಲ್ಲ ಬೋಧಿಸುತ್ತಾರೆ ಎಂಬುದು ಅವರ ಆಕ್ಷೇಪಣೆ. ಕೊನೆಗೆ ಕೈಹಿಡಿದದ್ದು ನೆಂಟಸ್ತಿಕೆಯೇ. ಮದುವೆಯ ಸಂಬಂಧದಿಂದ ನೆಂಟರಾದ ಹೆನ್ರಿ ಲೆಡ್‌ಬೆಟರ್ ಎಂಬ ಬೋಧಕರು ಬಂದರು. ಒಂದು ಕಡೆ ಹೆಂಡತಿಯ ಅಣ್ಣ, ಇನ್ನೊಂದು ಕಡೆ ಮತ್ತೊಬ್ಬ ನೆಂಟ. ಇಬ್ಬರೂ ಸೇರಿ ಮಾರ್ಷಲ್ ತಲೆಯ ಮೇಲೆ ಕೈಯಿಟ್ಟರು.

1758ರಲ್ಲಿ ಮಾರ್ಷಲ್ ವರ್ಜೀನಿಯಾದ ಗಡಿಯಾಚೆಗೂ ಹೋಗಿ ಹಲವರಿಗೆ ಸ್ನಾನ ಕೊಟ್ಟರು. ಅವರಲ್ಲಿ ಸ್ಯಾಮ್ಯುಯಲ್ ಹ್ಯಾರಿಸ್ ಎಂಬ ಕರ್ನಲ್ ಒಬ್ಬರು. ಮುಂದೆ ವರ್ಜೀನಿಯಾದ ಬ್ಯಾಪ್ಟಿಸ್ಟರಿಗೆ ಹ್ಯಾರಿಸ್ ದೊಡ್ಡ ಬಲವಾದರು. 1760ರಲ್ಲಿ ಮಾರ್ಷಲ್ ಕುಟುಂಬ ಮತ್ತೆ ಗಂಟುಮೂಟೆ ಕಟ್ಟಿತು. ದಕ್ಷಿಣ ಕೆರೊಲಿನಾದ ಬೀವರ್ ಕ್ರೀಕ್, ಆಮೇಲೆ ಸ್ಟೀವನ್ಸ್ ಕ್ರೀಕ್. ಹೋದಲ್ಲೆಲ್ಲ ಒಂದು ಸಭೆ. ಹೆಸರುಗಳಲ್ಲೆಲ್ಲ ‘ಕ್ರೀಕ್’, ಅಂದರೆ ಹಳ್ಳ, ಇರುವುದನ್ನು ಗಮನಿಸಿ. ಹೊಸ ಒಕ್ಕಲು ಹಳ್ಳದ ದಂಡೆಗೇ ಬರುತ್ತಿತ್ತು. ಮುಳುಗಿಸಿ ದೀಕ್ಷಾಸ್ನಾನ ಕೊಡಲೂ ಆ ಹಳ್ಳವೇ ಆಗುತ್ತಿತ್ತು.

ಸ್ಟೀವನ್ಸ್ ಕ್ರೀಕ್‌ನಿಂದ ಸವಾನ್ನಾ ನದಿ ದಾಟಿದರೆ ಜಾರ್ಜಿಯಾ. ಅಲ್ಲಿ 1758ರ ಕಾನೂನಿನಂತೆ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚ್. ಮಾರ್ಷಲ್ ಆಗಾಗ ನದಿ ದಾಟಿ ಹೋಗಿ ಬೋಧಿಸತೊಡಗಿದರು. ಒಂದು ದಿನ ಮರಗಳ ನೆರಳಿನಲ್ಲಿ ಕೂಟ ಸೇರಿತ್ತು. ಮಾರ್ಷಲ್ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಭುಜದ ಮೇಲೆ ಒಂದು ಕೈ ಬಿತ್ತು. ನೀನು ನನ್ನ ಕೈದಿ ಅಂದ ಕಾನ್‌ಸ್ಟೇಬಲ್. ಅವನ ಹೆಸರು ಸ್ಯಾಮ್ಯುಯಲ್ ಕಾರ್ಟ್ಲೆಜ್, ಇನ್ನೂ ಹರೆಯದವನು. ಅಲ್ಲೇ ಇದ್ದ ಹ್ಯೂ ಮಿಡಲ್ಟನ್ ಎಂಬುವರು ಜಾಮೀನು ನಿಂತರು, ಸೋಮವಾರ ಆಗಸ್ಟಾದಲ್ಲಿ ವಿಚಾರಣೆಗೆ ಹಾಜರಾಗುತ್ತಾರೆ ಅಂತ. ಆಗ ಮಾರ್ಥಾ ಎದ್ದರು. ಬೈಬಲಿನ ಒಂದೊಂದೇ ವಚನ ಎತ್ತಿ ಹೇಳಿ ಇಂಥ ಕಾನೂನೇ ತಪ್ಪು ಅಂತ ಖಂಡಿಸಿದರು. ಹಿಡಿಯಲು ಬಂದ ಕಾನ್‌ಸ್ಟೇಬಲ್‌ಗೇ ಆ ಮಾತು ನಾಟಿತು.

ವಿಚಾರಣೆಯಲ್ಲಿ, ಇನ್ನು ಮುಂದೆ ಬೋಧಕನಾಗಿ ಜಾರ್ಜಿಯಾಕ್ಕೆ ಕಾಲಿಡಬಾರದು ಅಂತ ಮಾರ್ಷಲ್ ಅವರಿಗೆ ಆಜ್ಞೆಯಾಯಿತು. ದೇವರ ಮಾತು ಕೇಳಬೇಕೋ ಮನುಷ್ಯರ ಮಾತು ಕೇಳಬೇಕೋ ನೀವೇ ಹೇಳಿ ಎಂದು ಅಪೊಸ್ತಲರ ಮಾತನ್ನೇ ಅವರು ಉತ್ತರವಾಗಿ ಕೊಟ್ಟರು. 1771ರ ಜನವರಿಯಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಜಾರ್ಜಿಯಾದ ಕಿಯೋಕಿ ಹಳ್ಳದ ದಂಡೆಗೇ ಬಂದು ನೆಲೆಸಿದರು. ಆಗ ಅವರಿಗೆ ಅರವತ್ತು ದಾಟಿ ವರ್ಷಗಳಾಗಿದ್ದವು. 1772ರಲ್ಲಿ ಕಿಯೋಕಿ ಸಭೆ ಕಟ್ಟಿದರು. ಜಾರ್ಜಿಯಾದ ಮೊದಲ ಬ್ಯಾಪ್ಟಿಸ್ಟ್ ಸಭೆ ಅದು, ಈಗಲೂ ನಡೆಯುತ್ತಿದೆ. ಕಾರ್ಟ್ಲೆಜ್ 1777ರಲ್ಲಿ ಅದೇ ಮಾರ್ಷಲ್ ಕೈಯಲ್ಲಿ ಸ್ನಾನ ಪಡೆದು, ಡೀಕನ್ ಆಗಿ, ಬೋಧಕನೂ ಆದ. ತೊಂಬತ್ತು ದಾಟಿ, 1843ರಲ್ಲಿ ತೀರಿಕೊಂಡ.

ಅದೇ ಕಾಲದ ಇನ್ನೊಂದು ಪ್ರಸಂಗದಲ್ಲಿ ಮಾರ್ಷಲ್ ಅವರ ಸ್ವಭಾವ ಕಾಣುತ್ತದೆ. ಎಡ್ಮಂಡ್ ಬಾಟ್ಸ್‌ಫರ್ಡ್ ಎಂಬ ಯುವ ಬೋಧಕರು ಕಿಯೋಕಿಗೆ ಬಂದರು. ಅವರೂ ಬ್ಯಾಪ್ಟಿಸ್ಟರೇ, ಆದರೆ ‘ರೆಗ್ಯುಲರ್’ ಎಂಬ ಪಂಗಡದವರು. ಅವರದು ಗದ್ದಲವಿಲ್ಲದ ಆರಾಧನೆ. ಎರಡು ಪಂಗಡಗಳಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಇವತ್ತು ನೀವೇ ಬೋಧಿಸಬೇಕಂತೆ ಎಂದು ಮುದುಕರು ಕೇಳಿದರು. ಹೌದು, ಆದರೆ ಯಾವ ವಚನ ತೆಗೆದುಕೊಳ್ಳಲಿ ಅಂತ ತೋಚುತ್ತಿಲ್ಲ ಎಂದರು ಯುವಕರು. ಸರಿ ಸರಿ, ದೇವರನ್ನೇ ಕೇಳಿ ಅಂದರು ಮಾರ್ಷಲ್. ಬೋಧನೆ ಮುಗಿದ ಮೇಲೆ ಕೈಹಿಡಿದು, ನಿನ್ನನ್ನು ತಮ್ಮ ಅಂತ ಕರೆಯಬಲ್ಲೆ, ಮನಸ್ಸು ತಿರುಗುವ ಬಗೆಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ಕೇಳಿಲ್ಲ ಅಂದರು. ಹಾಗಂತ ನಮ್ಮ ಜೋ ರೀಸ್, ಫಿಲಿಪ್ ಮಲ್ಕಿ ಅವರಷ್ಟು ಚೆನ್ನಾಗಿ ಬೋಧಿಸುತ್ತೀಯ ಅಂದುಕೊಳ್ಳಬೇಡ ಎಂದೂ ಸೇರಿಸಿದರು. ಆಮೇಲೆ ಮನೆಗೆ ಕರೆದರು. ಇಬ್ಬರೂ ಕೊನೆಯವರೆಗೂ ಸ್ನೇಹಿತರಾಗಿ ಉಳಿದರು.

ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರು ಆಗಸ್ಟಾ ಹಿಡಿದಾಗ ಸುತ್ತಲಿನ ಹಲವು ಬೋಧಕರು ಊರು ಬಿಟ್ಟರು. ಮಾರ್ಷಲ್ ಬಿಡಲಿಲ್ಲ. ಒಮ್ಮೆ ಸೈನಿಕರು ಹಿಡಿದು ಕಾವಲಿನಲ್ಲಿಟ್ಟರು. ಅಲ್ಲಿಯೂ ಅಪ್ಪಣೆ ಕೇಳಿ ಪ್ರಾರ್ಥನೆ, ಬೋಧನೆ ಶುರುಮಾಡಿದರು. ಕೊನೆಗೆ ಅವರೇ ಬಿಟ್ಟು ಕಳಿಸಿದರು. 1784ರ ನವೆಂಬರ್ 2ರಂದು, 78ನೇ ವಯಸ್ಸಿನಲ್ಲಿ ಮಾರ್ಷಲ್ ತೀರಿಕೊಂಡರು. ಅದೇ ವರ್ಷ ಜಾರ್ಜಿಯಾದ ಬ್ಯಾಪ್ಟಿಸ್ಟ್ ಸಭೆಗಳ ಒಕ್ಕೂಟ ಹುಟ್ಟಿತು.

ಕಿಯೋಕಿ ಸಭೆಯನ್ನು ಏಬ್ರಹಾಂ ವಹಿಸಿಕೊಂಡರು. ಮೋಹಾಕ್ ನೆಲದಿಂದ ಜಾರ್ಜಿಯಾದವರೆಗೆ ಅಪ್ಪನ ಹಿಂದೆ ಅಲೆದ ಹುಡುಗನಿಗೆ ಶಾಲೆ ಸಿಕ್ಕಿದ್ದು ಬರೀ ನಲವತ್ತು ದಿನ ಎನ್ನುತ್ತಾರೆ. ಆದರೆ ಅಪ್ಪನಿಗೆ ಇಲ್ಲದ ಮಾತಿನ ಶಕ್ತಿ ಮಗನಿಗಿತ್ತು. ಅದು ತಾಯಿಯ ಕಡೆಯಿಂದ ಬಂದದ್ದು ಅಂತ ನನ್ನ ಅನಿಸಿಕೆ. ಅಪ್ಪನ ಬದುಕನ್ನು ಬರೆದಿಟ್ಟವರೂ ಅವರೇ. ಆ ಬರಹ ಇಲ್ಲದಿದ್ದರೆ ಈ ಕಥೆಯಲ್ಲಿ ಬಹಳಷ್ಟು ನಮಗೆ ದಕ್ಕುತ್ತಿರಲಿಲ್ಲ.

ಏಬ್ರಹಾಂ ಅವರ ಬದುಕಿನಲ್ಲಿ ಎದ್ದು ಕಾಣುವ ಘಟನೆ 1788ರ ಜನವರಿಯದು. ಸವಾನ್ನಾ ನಗರದಲ್ಲಿ ಆಂಡ್ರೂ ಬ್ರಯನ್ ಎಂಬ ಕಪ್ಪು ಬೋಧಕರಿದ್ದರು. ಅವರು ಗುಲಾಮರು. ಬೋಧಿಸಿದ್ದಕ್ಕಾಗಿ ಅವರನ್ನೂ ಅವರ ಸೋದರ ಸ್ಯಾಂಪ್ಸನ್‌ರನ್ನೂ ಹಿಡಿದು ಚಾವಟಿಯಿಂದ ಹೊಡೆದಿದ್ದರು. ಏಬ್ರಹಾಂ ಮಾರ್ಷಲ್, ಜೆಸ್ಸಿ ಪೀಟರ್ ಎಂಬ ಕಪ್ಪು ಬೋಧಕರ ಜೊತೆ ಸವಾನ್ನಾಕ್ಕೆ ಹೋಗಿ ಬ್ರಯನ್ ಅವರಿಗೆ ದೀಕ್ಷೆ ಕೊಟ್ಟರು, ಅವರ ಸಭೆಯನ್ನು ಸಭೆಯೆಂದು ಒಪ್ಪಿದರು. ಅಮೆರಿಕದ ಅತಿ ಹಳೆಯ ಕಪ್ಪು ಸಭೆಗಳ ಸಾಲಿನಲ್ಲಿ ಅದೂ ಒಂದು.

ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಜೈಲಿಗೂ ಹೆದರದ ಈ ಜನ ಗುಲಾಮಗಿರಿಯ ವಿಷಯದಲ್ಲಿ ಅದೇ ಧೈರ್ಯ ತೋರಿಸಲಿಲ್ಲ. ಕಪ್ಪು ಜನರಿಗೆ ಸ್ನಾನ ಕೊಟ್ಟರು, ಸಭೆಗೆ ಸೇರಿಸಿಕೊಂಡರು, ಬಿಡುಗಡೆ ಕೇಳಲಿಲ್ಲ. ಹೊಲ ಹತ್ತಿಯಿಂದ ತುಂಬಿದ ಹಾಗೆ ಬಡ ಒಕ್ಕಲುಗಳ ಮಕ್ಕಳು ಜಮೀನುದಾರರಾದರು. 1845ರಲ್ಲಿ, ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರೆಯಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಕಟ್ಟಿಕೊಂಡರು. ಅದು ನಡೆದದ್ದು ಆಗಸ್ಟಾದಲ್ಲಿ. ಮಾರ್ಷಲ್ ಅವರ ವಿಚಾರಣೆ ಆದದ್ದೂ ಅದೇ ಊರಿನಲ್ಲಿ.

ಏಬ್ರಹಾಂ 1819ರವರೆಗೆ ಬದುಕಿದ್ದರು. ಅವರ ನಂತರ ಮಗ ಜೇಬೆಜ್ ಕಿಯೋಕಿಯ ಸಭಾಪಾಲಕರಾದರು, 1832ರಲ್ಲಿ ಸಾಯುವವರೆಗೂ. ಅಲ್ಲಿಗೆ ಮೂರು ತಲೆಮಾರು, ಅರವತ್ತು ವರ್ಷ, ಒಂದೇ ಮನೆ. ಬೋಧನೆ ವಂಶದ ಹಕ್ಕಲ್ಲ ಎನ್ನುವ ಪಂಥದಲ್ಲೇ ಹೀಗಾಯಿತು. ಸಭೆ ಪ್ರತಿ ಸಲವೂ ತಾನಾಗಿಯೇ ಆರಿಸಿತು ನಿಜ, ಆದರೆ ಬೋಧಕರ ಕೆಲಸ ಏನು ಅಂತ ಕೂಸಿನಿಂದಲೂ ಕಂಡ ಮಕ್ಕಳು ಆ ಮನೆಯಲ್ಲೇ ಇದ್ದರು.

ಮಾರ್ಥಾ ಅವರ ಹಾದಿಯಲ್ಲಿ ಮಾತ್ರ ಹಾಗೆ ಮುಂದುವರಿದವರು ಕಡಿಮೆ. 1787ರಲ್ಲಿ ವರ್ಜೀನಿಯಾದಲ್ಲಿ ಸೆಪರೇಟ್ ಮತ್ತು ರೆಗ್ಯುಲರ್ ಪಂಗಡಗಳು ಒಂದಾದವು. ಪಂಥ ಬೆಳೆದು ಮರ್ಯಾದಸ್ಥರ ಸಾಲಿಗೆ ಬಂದ ಹಾಗೆ ಹೆಂಗಸರ ದನಿ ಕೂಟದಲ್ಲಿ ಕಡಿಮೆಯಾಯಿತು. 2023ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, ಮಹಿಳೆಯನ್ನು ಪಾಸ್ಟರ್ ಮಾಡಿದ್ದಕ್ಕಾಗಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಬಹುದೊಡ್ಡ ಸಭೆಯನ್ನೇ ಹೊರಹಾಕಿತು. ಹೆಂಗಸರ ಪರ ವಾದಿಸುವ ಬ್ಯಾಪ್ಟಿಸ್ಟರು ಇವತ್ತಿಗೂ ಮಾರ್ಥಾ ಸ್ಟರ್ನ್ಸ್ ಮಾರ್ಷಲ್ ಹೆಸರನ್ನು ಮುಂದಿಡುತ್ತಾರೆ.